ಹರಡಿದ್ದೋ, ಹೊಸದಾಗಿ ಹುಟ್ಟಿದ್ದೋ?

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಏಳೆಂಟು ವರ್ಷ ಚೆನ್ನಾಗಿದ್ದ ಹೆಣ್ಣುಮಗಳಿಗೆ ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಇಲ್ಲವೇ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಾಣುತ್ತದೆ. ಆಗ ಆಸ್ಪತ್ರೆಯಲ್ಲೂ ಮನೆಯಲ್ಲೂ ಬರುವ ಮೊದಲ ಮಾತು ‘ಹರಡಿದೆ’ ಎಂಬುದು. ಆ ಮಾತು ಕಿವಿಗೆ ಬಿದ್ದೊಡನೆ ಮನೆಯವರ ಕೈಕಾಲು ಸೋಲುತ್ತವೆ. ಮೊದಲ ಸಲದ ಸಾಲವೇ ತೀರಿರುವುದಿಲ್ಲ. ‘ಇನ್ನು ಎಷ್ಟು ದಿನ ಡಾಕ್ಟ್ರೇ’ ಎಂದು ಕೇಳಿಕೊಂಡು, ನೋವಿನ ಮಾತ್ರೆ ಬರೆಸಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ಆದರೆ ಅದು ಹರಡಿದ್ದೇ ಎಂದು ನೋಡಿದವರು ಯಾರು? ಅಂಡಾಶಯದಲ್ಲೋ ಗರ್ಭಕೋಶದಲ್ಲೋ ಶ್ವಾಸಕೋಶದಲ್ಲೋ ಹೊಸದಾಗಿ ಹುಟ್ಟಿದ, ಮೊದಲಿನ ಗೆಡ್ಡೆಯ ಸಂತತಿಯೇ ಅಲ್ಲದ ಬೇರೊಂದು ಕ್ಯಾನ್ಸರ್ ಅದಾಗಿರಬಹುದು. ಹಾಗಿದ್ದರೆ ಅದರ ಚಿಕಿತ್ಸೆಯೇ ಬೇರೆ, ಬೇಗ ಸಿಕ್ಕರೆ ವಾಸಿಯಾಗುವ ಸಾಧ್ಯತೆಯೂ ಬೇರೆ. ಆ ಸಾಧ್ಯತೆಯನ್ನು ಪರೀಕ್ಷಿಸದೆಯೇ ಕೈಬಿಡುವುದು ನಮ್ಮಲ್ಲಿ ಮಾಮೂಲಾಗುತ್ತಿದೆ. ಈ ಪತ್ರಿಕೆಯ ಆತಂಕ ಅದರ ಬಗ್ಗೆ.

ಒಬ್ಬರ ಮೈಯಲ್ಲಿ ಒಂದಕ್ಕಿಂತ ಹೆಚ್ಚು ಮೂಲ ಕ್ಯಾನ್ಸರ್ ಹುಟ್ಟಬಹುದೆಂಬುದು ವೈದ್ಯಲೋಕಕ್ಕೆ ಹೊಸತಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೇ ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ ಇಂಥವನ್ನು ಗುರುತಿಸಿದ್ದರು. 1932ರಲ್ಲಿ ವಾರೆನ್ ಮತ್ತು ಗೇಟ್ಸ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು ಇದಕ್ಕೆ ಮೂರು ಷರತ್ತು ಹಾಕಿದರು: ಎರಡೂ ಗೆಡ್ಡೆಗಳು ಖಚಿತವಾಗಿ ಕ್ಯಾನ್ಸರ್ ಆಗಿರಬೇಕು, ಎರಡೂ ಬೇರೆ ಬೇರೆಯಾಗಿರಬೇಕು, ಒಂದು ಇನ್ನೊಂದರಿಂದ ಹರಡಿ ಬಂದದ್ದಲ್ಲ ಎಂಬುದು ಸಾಬೀತಾಗಬೇಕು. ಈ ಮೂರನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದನ್ನು ತೀರ್ಮಾನಿಸಲು ಸ್ಕ್ಯಾನು ಸಾಲದು, ಗೆಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು.

ಸಂಖ್ಯೆಗಳನ್ನು ನೋಡೋಣ. ಇಂಗ್ಲೆಂಡಿನಲ್ಲಿ 1995ರಿಂದ 2019ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದ 5.8 ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವಯಸ್ಸಿನ ಉಳಿದ ಹೆಂಗಸರಿಗೆ ಹೋಲಿಸಿದರೆ ಇವರಿಗೆ ಇನ್ನೊಂದು ಸ್ತನದಲ್ಲಿ ಹೊಸ ಕ್ಯಾನ್ಸರ್ ಬರುವ ಸಂಭವ ಎರಡು ಪಟ್ಟು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಶೇ 87ರಷ್ಟು, ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್ ಶೇ 58ರಷ್ಟು, ಅಂಡಾಶಯದ ಕ್ಯಾನ್ಸರ್ ಶೇ 25ರಷ್ಟು ಹೆಚ್ಚು. 50 ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಬಂದವರಲ್ಲಿ ಎರಡನೆಯ ಕ್ಯಾನ್ಸರಿನ ಸಂಭವ ಶೇ 86ರಷ್ಟು ಹೆಚ್ಚಿದ್ದರೆ, ನಂತರ ಬಂದವರಲ್ಲಿ ಅದು ಶೇ 17 ಮಾತ್ರ. ಇನ್ನೊಂದು ಅಂಶವನ್ನು ನಮ್ಮ ಆರೋಗ್ಯ ಇಲಾಖೆ ಎರಡೆರಡು ಸಲ ಓದಬೇಕು: ಅತ್ಯಂತ ಬಡ ಪ್ರದೇಶಗಳ ಮಹಿಳೆಯರಿಗೆ, ಅತ್ಯಂತ ಅನುಕೂಲಸ್ಥ ಪ್ರದೇಶಗಳವರಿಗಿಂತ, ಎರಡನೆಯ ಕ್ಯಾನ್ಸರಿನ ಅಪಾಯ ಶೇ 35ರಷ್ಟು ಜಾಸ್ತಿ. ಎಲ್ಲರಿಗೂ ಉಚಿತ ಚಿಕಿತ್ಸೆ ಇರುವ ದೇಶದಲ್ಲೇ ಬಡತನ ಇಷ್ಟು ಕೆಲಸ ಮಾಡಿದೆ.

ಹಾಗೆಂದು ಹೆದರಿಕೆ ಹಬ್ಬಿಸುವುದು ನಮ್ಮ ಉದ್ದೇಶವಲ್ಲ. ಇಂಗ್ಲೆಂಡಿನದೇ ಇನ್ನೊಂದು ದೊಡ್ಡ ಅಧ್ಯಯನ, 4.7 ಲಕ್ಷಕ್ಕೂ ಹೆಚ್ಚು ಮಹಿಳೆಯರದ್ದು, 2025ರಲ್ಲಿ ಬಿಎಂಜೆ ವೈದ್ಯಪತ್ರಿಕೆಯಲ್ಲಿ ಬಂತು. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ 20 ವರ್ಷ ಕಳೆಯುವ ಹೊತ್ತಿಗೆ ಶೇ 13.6 ಮಂದಿಗೆ ಸ್ತನದ ಹೊರಗೆ ಬೇರೊಂದು ಕ್ಯಾನ್ಸರ್ ಬಂದಿತ್ತು. ಆದರೆ ಸ್ತನ ಕ್ಯಾನ್ಸರ್ ಬರದಿದ್ದರೂ ಅಷ್ಟು ವರ್ಷಗಳಲ್ಲಿ ಬಹುಪಾಲು ಅಷ್ಟೇ ಮಂದಿಗೆ ಅದು ಬರುತ್ತಿತ್ತು. ಹೆಚ್ಚುವರಿಯಾಗಿ ಬಂದದ್ದು ಶೇ 2.1 ಮಂದಿಗೆ. ಗುಣವಾದ ಹೆಚ್ಚಿನ ಹೆಂಗಸರು ಎರಡನೆಯ ಕ್ಯಾನ್ಸರನ್ನು ಕಾಣುವುದೇ ಇಲ್ಲ. ಅಪಾಯ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಕೆಲವರ ಮೇಲೆ ಬಹಳ ಭಾರವಾಗಿ ಬೀಳುತ್ತದೆ. ಆ ಕೆಲವರು ಯಾರೆಂದು ಗುರುತಿಸುವ ಕೆಲಸವೇ ನಮ್ಮಲ್ಲಿ ಆಗುತ್ತಿಲ್ಲ.

ಭಾರತದ ಚಿತ್ರ ಇಂಗ್ಲೆಂಡಿನದಕ್ಕಿಂತ ಕಠಿಣ. ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂಕಿಅಂಶ ಯೋಜನೆಯ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಹೊಸದಾಗಿ 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಪಶ್ಚಿಮದ ದೇಶಗಳಲ್ಲಿ ಅರವತ್ತರ ಆಸುಪಾಸಿನಲ್ಲಿ ಹೆಚ್ಚು ಕಾಣುವ ಈ ರೋಗ ನಮ್ಮಲ್ಲಿ ಹತ್ತು ವರ್ಷ ಮೊದಲೇ ಬರುತ್ತದೆ. ನಲವತ್ತೆರಡರಲ್ಲಿ ರೋಗ ಬಂದು ಬದುಕಿಕೊಂಡವಳ ಮುಂದೆ ಇನ್ನೂ ಮೂವತ್ತು ವರ್ಷದ ಬಾಳು ಇರುತ್ತದೆ, ಎರಡನೆಯ ಕ್ಯಾನ್ಸರ್ ಬೆಳೆಯಲು ಬೇಕಾದಷ್ಟು ಕಾಲವೂ ಇರುತ್ತದೆ. 2010ರಿಂದ 2014ರ ಅವಧಿಯಲ್ಲಿ ರೋಗ ಪತ್ತೆಯಾದವರಲ್ಲಿ ಐದು ವರ್ಷ ಉಳಿದವರ ಪ್ರಮಾಣ ಭಾರತದಲ್ಲಿ ಶೇ 66 ಎಂದು ಕಾನ್‌ಕಾರ್ಡ್-3 ಎಂಬ ಅಂತರರಾಷ್ಟ್ರೀಯ ಅಧ್ಯಯನ ಹೇಳಿತು. ಅಮೆರಿಕದಲ್ಲಿ ಅದು ಶೇ 90. ಈ ಅಂತರ ಕಡಿಮೆಯಾಗಬೇಕೆಂದು ನಾವೆಲ್ಲರೂ ಬಯಸುತ್ತೇವೆ, ಕಡಿಮೆಯಾಗಲೇಬೇಕು. ಬದುಕಿ ಉಳಿದವರ ಸಂಖ್ಯೆ ಬೆಳೆದ ಹಾಗೆ ಅವರನ್ನು ನೋಡಿಕೊಳ್ಳುವ ಏರ್ಪಾಡೂ ಬೆಳೆಯಬೇಕಿತ್ತು. ಅದು ಬೆಳೆದಿಲ್ಲ.

ಎರಡನೆಯ ಕ್ಯಾನ್ಸರ್ ಯಾಕೆ ಬರುತ್ತದೆ ಎಂಬುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಬಲವಾದದ್ದು ವಂಶವಾಹಿ. ಸ್ತನ ಕ್ಯಾನ್ಸರ್ ವಂಶದಲ್ಲಿ ಹರಿದು ಬರುವುದಕ್ಕೆ ಕಾರಣವಾದ ಜೀನ್ 17ನೇ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ಅಮೆರಿಕದ ವಂಶವಾಹಿ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ತೋರಿಸಿಕೊಟ್ಟರು. 1994ರಲ್ಲಿ ಬಿಆರ್‌ಸಿಎ-1, ಮರುವರ್ಷ ಬಿಆರ್‌ಸಿಎ-2 ಕೈಗೆ ಸಿಕ್ಕವು. ಮುರಿದ ಡಿಎನ್‌ಎಯನ್ನು ಸರಿಪಡಿಸುವುದು ಈ ಜೀನ್‌ಗಳ ಕೆಲಸ. ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿದ್ದರೆ ಆ ದುರಸ್ತಿ ಕೆಲಸ ತಪ್ಪುವ ಅಪಾಯ ಜಾಸ್ತಿ. ಬಿಆರ್‌ಸಿಎ-1 ದೋಷವಿರುವ ಹೆಣ್ಣಿಗೆ 80 ವರ್ಷ ತುಂಬುವುದರೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಶೇ 44, ಬಿಆರ್‌ಸಿಎ-2 ಇದ್ದರೆ ಶೇ 17. ಈ ದೋಷ ಇಲ್ಲದವರಲ್ಲಿ ಅದು ಶೇ ಒಂದರ ಆಸುಪಾಸು. ಮೊದಲ ಸ್ತನ ಕ್ಯಾನ್ಸರ್ ಆದ 20 ವರ್ಷಗಳಲ್ಲಿ ಇನ್ನೊಂದು ಸ್ತನಕ್ಕೂ ಬರುವ ಸಂಭವ ಬಿಆರ್‌ಸಿಎ-1 ಇದ್ದವರಲ್ಲಿ ಶೇ 40, ಬಿಆರ್‌ಸಿಎ-2 ಇದ್ದವರಲ್ಲಿ ಶೇ 26. ಇವಲ್ಲದೆ ಟಿಪಿ-53 ಎಂಬ ಜೀನ್ ಕೆಟ್ಟ ಕುಟುಂಬಗಳಿವೆ. ಅಲ್ಲಿ ಎಳೆಯ ಮಕ್ಕಳಿಗೆ ಮೂಳೆಯಲ್ಲೋ ಮೆದುಳಿನಲ್ಲೋ, ತಾಯಂದಿರಿಗೆ ಮೂವತ್ತರ ಆಸುಪಾಸಿನಲ್ಲೇ ಸ್ತನದಲ್ಲಿ ಕ್ಯಾನ್ಸರ್ ಬರಬಹುದು. ಅಂಥವರಿಗೆ ವಿಕಿರಣ ಚಿಕಿತ್ಸೆಯನ್ನು ಆದಷ್ಟು ತಪ್ಪಿಸಬೇಕೆಂಬುದು ಒಪ್ಪಿತ ನಿಯಮ. ಜೀನ್ ಪರೀಕ್ಷೆಯೇ ಆಗದಿದ್ದರೆ ವೈದ್ಯರು ಯಾರಿಗೆಂದು ತಪ್ಪಿಸಿಯಾರು?

ಅಂಡಾಶಯದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಪದೇಪದೇ ಮೂತ್ರ, ಕೆಳಹೊಟ್ಟೆಯಲ್ಲಿ ಭಾರ. ಇವಿಷ್ಟೇ ಅದರ ಲಕ್ಷಣ. ನಮ್ಮ ಊರುಗಳಲ್ಲಿ ಇದಕ್ಕೆ ಒಂದೇ ಹೆಸರು, ‘ಗ್ಯಾಸ್ಟ್ರಿಕ್’. ಮೆಡಿಕಲ್ ಶಾಪಿನಿಂದ ತಂದ ಗ್ಯಾಸಿನ ಗುಳಿಗೆಯಲ್ಲೇ ಆರು ತಿಂಗಳು ಕಳೆದುಹೋಗುತ್ತವೆ. ರೋಗ ಹೊಟ್ಟೆಯ ಪೊರೆಗೆ ವ್ಯಾಪಿಸಿದ ಮೇಲೆಯೇ ಬಹುತೇಕರಲ್ಲಿ ಅದು ಪತ್ತೆಯಾಗುತ್ತದೆ. ಮೊದಲೇ ಪತ್ತೆ ಹಚ್ಚಲು ವರ್ಷಕ್ಕೊಮ್ಮೆ ಸ್ಕ್ಯಾನು, ರಕ್ತ ಪರೀಕ್ಷೆ ಮಾಡಿದರೆ ಸಾಕೇ ಎಂದರೆ ಅದೂ ಸಾಲದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಮಹಿಳೆಯರ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗದ 2021ರ ಫಲಿತಾಂಶದಂತೆ, ಇಂಥ ತಪಾಸಣೆಯಿಂದ ಅಂಡಾಶಯ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಹೆಚ್ಚಿನ ಅಪಾಯವಿರುವವರಿಗೆ ಉಳಿದ ದಾರಿ ಒಂದೇ: ಜೀನ್ ದೋಷ ಇರುವುದನ್ನು ಮೊದಲು ತಿಳಿದು, ಮಕ್ಕಳಾದ ಮೇಲೆ ಸರಿಯಾದ ವಯಸ್ಸಿನಲ್ಲಿ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವುದು. ಬಿಆರ್‌ಸಿಎ-1 ಇದ್ದರೆ 35ರಿಂದ 40ರೊಳಗೆ, ಬಿಆರ್‌ಸಿಎ-2 ಇದ್ದರೆ 40ರಿಂದ 45ರೊಳಗೆ. ಅಂಡಾಶಯದ ಕ್ಯಾನ್ಸರಿನ ಅಪಾಯ ಇದರಿಂದ ಶೇ 80ರಷ್ಟು ಇಳಿಯುತ್ತದೆ.

ಇದೇ ರಾಜ್ಯದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಮೂವತ್ತು ತುಂಬದ ಹೆಂಗಸರ ಗರ್ಭಕೋಶವನ್ನು ಬಿಳಿಸೆರಗಿನ ನೆಪಕ್ಕೆ ಖಾಸಗಿ ಆಸ್ಪತ್ರೆಗಳು ತೆಗೆದುಹಾಕಿದ್ದು ಸುದ್ದಿಯಾಗಿ, ಸರ್ಕಾರ ತನಿಖೆ ನಡೆಸಿದ್ದು ಓದುಗರಿಗೆ ನೆನಪಿರಬಹುದು. ಬೇಡದವರಿಗೆ ಕತ್ತರಿ ಹಾಕಿದ ವ್ಯವಸ್ಥೆಯಲ್ಲೇ, ನಿಜಕ್ಕೂ ಶಸ್ತ್ರಚಿಕಿತ್ಸೆಯಿಂದ ಪ್ರಾಣ ಉಳಿಯುತ್ತಿದ್ದ ಹೆಣ್ಣಿಗೆ ಆ ಆಯ್ಕೆ ಇದೆಯೆಂದು ಹೇಳುವವರೇ ಇಲ್ಲದಿರುವುದು ನಮ್ಮನ್ನು ಬಹಳ ನೋಯಿಸುತ್ತದೆ.

ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು 2024ರಲ್ಲಿ, 65 ವರ್ಷದೊಳಗೆ ಸ್ತನ ಕ್ಯಾನ್ಸರ್ ಪತ್ತೆಯಾದ ಎಲ್ಲರಿಗೂ ಬಿಆರ್‌ಸಿಎ ಪರೀಕ್ಷೆಯ ಅವಕಾಶ ಕೊಡಬೇಕೆಂದು ಶಿಫಾರಸು ಮಾಡಿದವು. ಜೀನ್ ಮೇಲೆ ಒಂದು ಕಂಪನಿ ಪೇಟೆಂಟ್ ಹಿಡಿದು ಕುಳಿತಿದ್ದಾಗ ಈ ಪರೀಕ್ಷೆ ಅಲ್ಲಿಯೂ ಶ್ರೀಮಂತರ ಪಾಲಾಗಿತ್ತು. ಪ್ರಕೃತಿಯಲ್ಲಿರುವ ಜೀನ್‌ಗೆ ಪೇಟೆಂಟ್ ಕೊಡಲಾಗದೆಂದು 2013ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಬೆಲೆ ಇಳಿಯಿತು. ಭಾರತದಲ್ಲೂ ಹತ್ತು ವರ್ಷದ ಹಿಂದಿನ ಬೆಲೆ ಈಗಿಲ್ಲ. ಆದರೂ ಬೀದರಿನ ಕೂಲಿ ಹೆಂಗಸಿಗೆ, ಚಾಮರಾಜನಗರದ ರೇಷ್ಮೆ ಬಿಡಿಸುವವಳಿಗೆ ಅದು ತಿಂಗಳುಗಟ್ಟಲೆಯ ಸಂಬಳ. ಪರೀಕ್ಷೆಗಿಂತ ದುಬಾರಿಯಾದದ್ದು ಇನ್ನೊಂದಿದೆ: ರೋಗಿಯನ್ನು ಎದುರು ಕೂರಿಸಿಕೊಂಡು ಫಲಿತಾಂಶವನ್ನು ಕನ್ನಡದಲ್ಲಿ ವಿವರಿಸಬಲ್ಲ ಆಪ್ತಸಮಾಲೋಚಕರು. ಆ ದೋಷ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಅದು ಅಪ್ಪನ ಕಡೆಯಿಂದಲೂ ಬರುತ್ತದೆ. ನಮ್ಮಲ್ಲಿ ವೈದ್ಯರು ಕೇಳುವುದು ‘ನಿಮ್ಮ ತಾಯಿಗೆ ಇತ್ತಾ, ಚಿಕ್ಕಮ್ಮನಿಗೆ ಇತ್ತಾ’ ಎಂದು. ಸೋದರತ್ತೆಯ ಸುದ್ದಿ ಯಾರೂ ಎತ್ತುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇರುವ ಕರ್ನಾಟಕದಲ್ಲಿ ಗಂಡಹೆಂಡಿರಿಬ್ಬರಲ್ಲೂ ಒಂದೇ ಬಿಆರ್‌ಸಿಎ-2 ದೋಷವಿದ್ದರೆ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಕಠಿಣ ಕಾಯಿಲೆ ಬರಬಹುದೆಂಬುದನ್ನೂ ಹೇಳಬೇಕಾದವರು ಈ ಆಪ್ತಸಮಾಲೋಚಕರೇ. ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲಿ ಇಂಥ ಹುದ್ದೆಯೇ ಇಲ್ಲ.

ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನೇ ಮುಚ್ಚಿಡುವ ಮನೆಗಳು ಜೀನ್ ಪರೀಕ್ಷೆಗೆ ಒಪ್ಪುವುದು ಸುಲಭವಲ್ಲ, ನಿಜ. ವಿಮಾ ಕಂಪನಿಯವರಿಗೆ ಗೊತ್ತಾದರೆ ಎಂಬ ಅಳುಕೂ ಇದೆ. ವಂಶವಾಹಿ ಕಾಯಿಲೆ ಎಂಬ ಏಕೈಕ ಕಾರಣಕ್ಕೆ ಆರೋಗ್ಯ ವಿಮೆಯನ್ನು ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಅದಕ್ಕೆ ಬೆಂಬಲವಾಗಿ ಸಂಸತ್ತು ಕಾನೂನನ್ನೇ ತರಬೇಕು. ಅಮೆರಿಕ ಅಂಥ ಕಾಯ್ದೆ ಮಾಡಿದ್ದು 2008ರಲ್ಲಿ.

ಇನ್ನು ಚಿಕಿತ್ಸೆಯಿಂದಲೇ ಬರುವ ಅಪಾಯ. ಈ ಮಾತನ್ನು ಬಹಳ ಎಚ್ಚರದಿಂದ ಆಡಬೇಕು, ಏಕೆಂದರೆ ಅರ್ಧ ಕೇಳಿಸಿಕೊಂಡವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಟಾಮೋಕ್ಸಿಫೆನ್ ಎಂಬ ಅಗ್ಗದ ಗುಳಿಗೆ ಲಕ್ಷಾಂತರ ಹೆಣ್ಣುಮಕ್ಕಳ ಜೀವ ಉಳಿಸಿದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಲ್ಲಿ ಐದು ವರ್ಷ ನುಂಗಿದರೆ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ, ಇನ್ನೊಂದು ಸ್ತನಕ್ಕೆ ಬರುವ ಹೊಸ ಕ್ಯಾನ್ಸರನ್ನೂ ಅದು ತಡೆಯುತ್ತದೆ. ಅದೇ ಗುಳಿಗೆ ಮುಟ್ಟು ನಿಂತವರ ಗರ್ಭಕೋಶದ ಒಳಪದರವನ್ನು ಕೆರಳಿಸಿ, ಅಲ್ಲಿ ಕ್ಯಾನ್ಸರ್ ಬರುವ ಸಂಭವವನ್ನು ಎರಡು ಮೂರು ಪಟ್ಟು ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1996ರಲ್ಲೇ ಈ ಎರಡೂ ಮುಖಗಳನ್ನು ಒಟ್ಟಿಗೆ ದಾಖಲಿಸಿತ್ತು. ತೂಗಿ ನೋಡಿದರೆ ಲಾಭವೇ ಬಹಳ ದೊಡ್ಡದು. ಗುಳಿಗೆ ಬಿಡಬಾರದು. ಆದರೆ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಬಂದು ತೋರಿಸಬೇಕು ಎಂಬ ಒಂದೇ ವಾಕ್ಯವನ್ನು ಆಕೆಗೆ ಹೇಳಬೇಕು. ಆ ರಕ್ತ ಸ್ತನ ಕ್ಯಾನ್ಸರ್ ‘ಕೆಳಗಿಳಿದದ್ದು’ ಎಂದು ನಂಬಿ ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವ ಹೆಂಗಸರಿದ್ದಾರೆ. ಆರಂಭದಲ್ಲೇ ತೋರಿಸಿದರೆ ಗರ್ಭಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದಲೇ ವಾಸಿಯಾಗುವಂಥದ್ದು.

ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯ ನೆರಳು ಹತ್ತು ವರ್ಷ ದಾಟಿದ ಮೇಲೆ ಅಪರೂಪಕ್ಕೆ ಶ್ವಾಸಕೋಶದಲ್ಲೋ ಅನ್ನನಾಳದಲ್ಲೋ ಬೀಳುತ್ತದೆ. ಧೂಮಪಾನ ಬಿಡದವರಿಗೆ ವಿಕಿರಣದಿಂದ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಶೇ 4ರಷ್ಟಿದ್ದರೆ ಸೇದದವರಿಗೆ ಶೇ 0.3 ಎಂದು 2017ರ ಒಂದು ವಿಶ್ಲೇಷಣೆ ಅಂದಾಜಿಸಿತು. ಸ್ತನದ ಚರ್ಮದ ಮೇಲೆ ಜಜ್ಜಿದ ಗಾಯದಂತೆ ಕಾಣುವ ನೇರಳೆ ಮಚ್ಚೆ ಕೆಲವೊಮ್ಮೆ ಆಂಜಿಯೊಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರ್ ಆಗಿರುತ್ತದೆ, ಅದಕ್ಕೆ ಮುಲಾಮು ಹಚ್ಚಿ ಕಾಲ ಕಳೆಯುತ್ತಾರೆ. ಕೆಲವು ಕಿಮೊ ಔಷಧಿಗಳು ಒಂದರಿಂದ ಏಳು ವರ್ಷದೊಳಗೆ, ಬಹಳ ಕಡಿಮೆ ಮಂದಿಯಲ್ಲಿ, ಮೂಳೆಮಜ್ಜೆಯನ್ನು ಕೆಡಿಸಿ ರಕ್ತ ಕ್ಯಾನ್ಸರ್ ತರುತ್ತವೆ. ರಕ್ತಹೀನತೆ ಎಂದು ಕಬ್ಬಿಣದ ಗುಳಿಗೆ ಕೊಡುವ ಮೊದಲು ಆಕೆ ಹಿಂದೆ ಯಾವ ಕಿಮೊ ತೆಗೆದುಕೊಂಡಿದ್ದಳು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಗೊತ್ತಿರಬೇಕು. ಅವರಿಗೆ ತಿಳಿಸುವವರು ಯಾರು?

ನಮ್ಮ ನಾಡಿಗೇ ವಿಶೇಷವಾದ ಇನ್ನೊಂದು ಅಪಾಯವಿದೆ: ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ. ದೇಶದ ವಯಸ್ಕ ಮಹಿಳೆಯರಲ್ಲಿ ಶೇ 12.8 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆಂದು 2016–17ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ತಂಬಾಕು ಬೆರೆಸದ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಂಗ 2004ರಲ್ಲಿ ಘೋಷಿಸಿತು. ಅಡಿಕೆ ಬೆಳೆಗಾರರ ಓಟಿನ ಲೆಕ್ಕದಲ್ಲಿ ಈ ವಿಷಯ ರಾಜ್ಯದಲ್ಲಿ ಪ್ರತಿಸಲವೂ ಪಕ್ಕಕ್ಕೆ ಸರಿಯುತ್ತದೆ. ಬೆಳೆಗಾರರ ಕಷ್ಟ ನಮಗೆ ಗೊತ್ತು, ಆದರೂ ಸತ್ಯವನ್ನು ಹೇಳದಿರಲಾಗದು. ಸ್ತನ ಕ್ಯಾನ್ಸರ್ ಗೆದ್ದು ಬಂದವಳ ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆಯೇ, ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ ಎಂದು ನೋಡಲು ಒಂದು ಟಾರ್ಚ್ ಸಾಕು. ಫಾಲೋಅಪ್‌ಗೆ ಬಂದವಳ ಎದೆ ಮುಟ್ಟಿ ನೋಡಿ ಕಳಿಸುವ ನಮ್ಮ ವೈದ್ಯರು ಬಾಯಿ ತೆರೆಸುವುದಿಲ್ಲ, ಗರ್ಭಕೊರಳಿನ ಪರೀಕ್ಷೆ ಮಾಡುವುದಿಲ್ಲ. 30ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಶೇ 0.9, ಬಾಯಿ ಪರೀಕ್ಷೆ ಶೇ 0.9 ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದಾಖಲಿಸಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನಮೂನೆ ತುಂಬುವ ತಪಾಸಣಾ ಕಾರ್ಯಕ್ರಮ ಶುರುವಾದ ಮೇಲಿನ ಸ್ಥಿತಿ ಇದು.

ಇನ್ನು ನಮ್ಮ ವ್ಯವಸ್ಥೆಯ ಕುಸಿತದ ಮಾತು. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಾಗಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲೇ ತಲೆಯೆತ್ತಿತು. ದೇಶದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಯೋಜನೆ ಶುರುವಾದಾಗ ಮುಂಬೈ, ಚೆನ್ನೈಗಳ ಜೊತೆ ಬೆಂಗಳೂರೂ ಇತ್ತು. 1982ರಿಂದ ಈ ನಗರದ ಕ್ಯಾನ್ಸರ್ ಪ್ರಕರಣಗಳು ಒಂದೊಂದಾಗಿ ದಾಖಲಾಗುತ್ತ ಬಂದಿವೆ. ಚಿಕಿತ್ಸೆ ಮುಗಿಸಿ ಹೋದ ರೋಗಿ ಗಡುವಿಗೆ ಬಾರದಿದ್ದರೆ ಅಂಚೆ ಕಾರ್ಡ್ ಬರೆದು ವಿಚಾರಿಸುವ ಪದ್ಧತಿ ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿತ್ತು. 1954ರಲ್ಲಿ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ಕಟ್ಟಿದ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಆ ಶಿಸ್ತಿಗೆ ಹೆಸರಾಗಿತ್ತು. ಈಗ ಪ್ರತಿ ಮನೆಯಲ್ಲೂ ಮೊಬೈಲ್ ಇದೆ, ವಿಚಾರಿಸುವ ಆ ದನಿ ಮಾತ್ರ ಇಲ್ಲ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೊಸ ರೋಗಿಗಳ ಸಾಲೇ ಗೇಟಿನವರೆಗೆ ನಿಲ್ಲುವಾಗ ಹಳೆಯ ರೋಗಿಗೆ ಸಿಗುವುದು ಎರಡು ನಿಮಿಷ. ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಇಡೀ ದಿನ ಕಾದು, ಎರಡು ನಿಮಿಷಕ್ಕೆ ಮತ್ತೆ ರಾತ್ರಿ ಬಸ್ಸು ಹತ್ತುವವಳು ಮೂರನೆಯ ವರ್ಷಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ. ಅವಳನ್ನು ದೂರುವ ಹಕ್ಕು ನಮಗಿಲ್ಲ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಸಾವಿರಾರು ಮನೆಗಳನ್ನು ಬೀದಿಪಾಲಾಗದಂತೆ ಕಾಪಾಡಿದೆ. ಅದನ್ನು ಮನಸಾರೆ ಮೆಚ್ಚುತ್ತೇವೆ. ಆದರೆ ಆ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆ, ಕಿಮೊ, ವಿಕಿರಣದಂಥ ಪ್ಯಾಕೇಜುಗಳಿಗೆ ಹಣ ಕೊಡುವಂಥದ್ದು. ವರ್ಷವರ್ಷವೂ ಬೇಕಾಗುವ ಹೊರರೋಗಿ ತಪಾಸಣೆ, ಉಳಿದ ಸ್ತನದ ಮ್ಯಾಮೊಗ್ರಾಂ, ಜೀನ್ ಪರೀಕ್ಷೆ ಎಲ್ಲವೂ ಕೈಯಿಂದಲೇ ಖರ್ಚು. ಹೀಗಾಗಿ ಎರಡನೆಯ ಕ್ಯಾನ್ಸರ್ ಸಣ್ಣದಿದ್ದಾಗ ಕಂಡುಹಿಡಿಯಲು ಸರ್ಕಾರದಲ್ಲಿ ದುಡ್ಡಿಲ್ಲ, ಅದು ಹೊಟ್ಟೆ ತುಂಬಾ ಬೆಳೆದ ಮೇಲೆ ಲಕ್ಷಗಟ್ಟಲೆ ಸುರಿಯಲು ದುಡ್ಡಿದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಹರಡಿದ್ದೋ ಹೊಸದೋ ಎಂದು ತೀರ್ಮಾನಿಸುವುದು ಹೇಗೆ? ಹೊಸ ಗೆಡ್ಡೆಯಿಂದ ಸೂಜಿಯಲ್ಲಿ ಚೂರು ತೆಗೆದು, ಅದಕ್ಕೆ ಇಮ್ಯುನೊ ಬಣ್ಣಗಳನ್ನು ಹಚ್ಚಿ ನೋಡುತ್ತಾರೆ. ಗಾಟಾ-3 ಎಂಬ ಗುರುತು ಬಿದ್ದರೆ ಅದು ಸ್ತನದಿಂದ ಬಂದಿರುವ ಸಾಧ್ಯತೆ ಹೆಚ್ಚು, ಪ್ಯಾಕ್ಸ್-8 ಬಿದ್ದರೆ ಅಂಡಾಶಯದ ಕಡೆಗೆ, ಟಿಟಿಎಫ್-1 ಬಿದ್ದರೆ ಶ್ವಾಸಕೋಶದ ಕಡೆಗೆ ಬೆರಳು ತೋರುತ್ತದೆ. ಒಂದೇ ಗುರುತನ್ನು ನಂಬದೆ, ಕೆಲವನ್ನು ಒಟ್ಟಿಗೆ ಓದಬೇಕು. ನಿಜವಾಗಿಯೂ ಹರಡಿದ್ದೇ ಆದರೂ ಈ ಪರೀಕ್ಷೆ ದಂಡವಾಗುವುದಿಲ್ಲ, ಏಕೆಂದರೆ ಹರಡಿದ ಗೆಡ್ಡೆಯ ಹಾರ್ಮೋನ್ ಗುಣ, ಹರ್-2 ಗುಣ ಮೊದಲಿನದಕ್ಕಿಂತ ಬದಲಾಗಿರಬಹುದು. ಚಿಕಿತ್ಸೆ ಅದರಂತೆ ಬದಲಾಗಬೇಕು. ಮೊದಲ ಗೆಡ್ಡೆಯ ಜೊತೆ ಹೋಲಿಸಿ ನೋಡಲು ಹಳೆಯ ಮೇಣದ ಬ್ಲಾಕು, ಸ್ಲೈಡು ಬೇಕು. ಅವು ಎಲ್ಲಿವೆ? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ರೋಗಿಯ ಕೈಗೇ ಕೊಟ್ಟು ಕಳಿಸಿರುತ್ತಾರೆ. ಅವು ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆ, ತಗಡಿನ ಪೆಟ್ಟಿಗೆಯ ತಳದಲ್ಲಿರುತ್ತವೆ, ಇಲ್ಲವೇ ಮನೆ ಬದಲಿಸುವಾಗ ಕಳೆದುಹೋಗಿರುತ್ತವೆ. ಡಿಸ್ಚಾರ್ಜ್ ಚೀಟಿಯ ಅಕ್ಷರ ಮಾಸಿರುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ ಆಕೆಯ ಹತ್ತು ವರ್ಷದ ಚರಿತ್ರೆಯೆಂದರೆ ‘ಎದೆ ಆಪರೇಷನ್ ಆಗಿತ್ತು ಸಾರ್’ ಎಂಬ ಒಂದು ಸಾಲು. ಅವರು ‘ಹರಡಿದೆ’ ಎಂದರೆ ಅವರೊಬ್ಬರನ್ನೇ ತಪ್ಪಿತಸ್ಥರೆನ್ನುವುದು ನ್ಯಾಯವಲ್ಲ.

ಎಷ್ಟು ಹೆಣ್ಣುಮಕ್ಕಳಿಗೆ ಹೀಗಾಗುತ್ತಿದೆ ಎಂದು ಹೇಳಬಲ್ಲ ಲೆಕ್ಕವೂ ಇಲ್ಲಿ ಸಿದ್ಧವಾಗುತ್ತಿಲ್ಲ. ಡೆನ್ಮಾರ್ಕ್ 1940ರ ದಶಕದಿಂದಲೇ ಇಡೀ ದೇಶದ ಕ್ಯಾನ್ಸರ್ ನೋಂದಣಿ ಇಟ್ಟಿದೆ. 1968ರಿಂದ ಪ್ರತಿ ಪ್ರಜೆಗೂ ಒಂದೇ ಸಂಖ್ಯೆ ಇರುವುದರಿಂದ ಒಬ್ಬಳಿಗೆ ಮೊದಲ ಕ್ಯಾನ್ಸರ್ ಯಾವಾಗ, ಎರಡನೆಯದು ಯಾವಾಗ ಬಂತೆಂಬುದು ಅಲ್ಲಿ ಒಂದೇ ಪುಟದಲ್ಲಿ ಸಿಗುತ್ತದೆ. ಭಾರತದ ಜನಸಂಖ್ಯಾ ಆಧಾರಿತ ನೋಂದಣಿಗಳು ದೇಶದ ಐದನೇ ಒಂದು ಭಾಗದ ಜನರನ್ನೂ ಒಳಗೊಂಡಿಲ್ಲ. ಬಹುತೇಕ ಎಲ್ಲರಿಗೂ ಆಧಾರ್ ಸಂಖ್ಯೆ ಇರುವ ಈ ದೇಶದಲ್ಲಿ ಬಳ್ಳಾರಿಯಲ್ಲಿ ಸ್ತನ ಕ್ಯಾನ್ಸರಿಗೆ, ಆರು ವರ್ಷದ ನಂತರ ಹುಬ್ಬಳ್ಳಿಯಲ್ಲಿ ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವಳು ಇಬ್ಬರು ಬೇರೆ ಬೇರೆ ಹೆಂಗಸರಾಗಿ ಎಣಿಕೆಯಾಗುತ್ತಾಳೆ, ಅಥವಾ ಎಣಿಕೆಗೇ ಸಿಗುವುದಿಲ್ಲ. ಪ್ರತಿ ಅಕ್ಟೋಬರಿನಲ್ಲೂ ಗುಲಾಬಿ ರಿಬ್ಬನ್ ಕಟ್ಟಿ ನಡೆಸುವ ಜಾಗೃತಿ ನಡಿಗೆಗಳಿಂದ ಮೊದಲ ಗಂಟಿನ ಬಗ್ಗೆ ಎಷ್ಟೋ ಮಂದಿಗೆ ತಿಳಿವಳಿಕೆ ಬಂದಿದೆ. ಎರಡನೆಯದರ ಬಗ್ಗೆ ಆ ವೇದಿಕೆಗಳಲ್ಲಿ ಯಾರೂ ಮಾತಾಡುವುದಿಲ್ಲ.

ದಾರಿಗಳೇ ಇಲ್ಲವೆಂದಲ್ಲ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ-ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಹೇಳಿತು. ಕಿಮೊ ಬಾಟಲಿ ಏರಿಸಿ ಕಳಿಸುವುದಷ್ಟೇ ಆ ಕೇಂದ್ರಗಳ ಕೆಲಸವಾಗಬಾರದು. ಜಿಲ್ಲೆಯಲ್ಲಿ ಚಿಕಿತ್ಸೆ ಮುಗಿಸಿದ ಪ್ರತಿ ಹೆಣ್ಣುಮಗಳ ಹೆಸರು ಅಲ್ಲಿನ ಪುಸ್ತಕದಲ್ಲಿರಬೇಕು. ವಾರದಲ್ಲಿ ಒಂದು ದಿನ ಹಳೆಯ ರೋಗಿಗಳಿಗೇ ಮೀಸಲಾಗಬೇಕು. ಆ ದಿನ ಸ್ತನದ ಜೊತೆ ಬಾಯಿ, ಗರ್ಭಕೊರಳು, ಹೊಟ್ಟೆ ಎಲ್ಲವನ್ನೂ ನೋಡಬೇಕು. ಗಡುವಿಗೆ ಬಾರದವಳಿಗೆ ಆಕೆಯ ಊರಿನ ಆಶಾ ಕಾರ್ಯಕರ್ತೆಯಿಂದ ಫೋನು ಹೋಗಬೇಕು, ಆ ಕೆಲಸಕ್ಕೆ ಆಶಾ ಕಾರ್ಯಕರ್ತೆಗೆ ಪ್ರತ್ಯೇಕ ಗೌರವಧನ ಸಿಗಬೇಕು. ಈಗಾಗಲೇ ಅವರ ಹೆಗಲ ಮೇಲಿರುವ ಭಾರಕ್ಕೆ ಪುಕ್ಕಟೆಯಾಗಿ ಇದನ್ನೂ ಹೊರಿಸಬಾರದು.

50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದವರಿಗೆ, ಎರಡು ಹಾರ್ಮೋನ್ ಗುಣ ಮತ್ತು ಹರ್-2 ಮೂರೂ ಇಲ್ಲದ ಬಗೆಯ ಗೆಡ್ಡೆ ಇರುವವರಿಗೆ, ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದವರಿಗೆ, ಸ್ತನ ಕ್ಯಾನ್ಸರ್ ಬಂದ ಗಂಡಸರಿಗೆ ಆರೋಗ್ಯ ಕರ್ನಾಟಕದ ಅಡಿಯಲ್ಲೇ ಜೀನ್ ಪರೀಕ್ಷೆ ಉಚಿತವಾಗಬೇಕು. ದೋಷ ಸಿಕ್ಕರೆ ಅಕ್ಕತಂಗಿಯರಿಗೆ, ಮಕ್ಕಳಿಗೆ ಅದೇ ಒಂದು ದೋಷವನ್ನು ಮಾತ್ರ ಹುಡುಕುವ ಪರೀಕ್ಷೆ ಬಹಳ ಅಗ್ಗ; ಅದೂ ಜೊತೆಗೇ ಸಿಗಬೇಕು. ಅಂಡಾಶಯ ತೆಗೆಸುವ ಶಸ್ತ್ರಚಿಕಿತ್ಸೆ ಇಂಥವರಿಗೆ ಪ್ಯಾಕೇಜಿನಲ್ಲಿ ಸೇರಬೇಕು.

ಚಿಕಿತ್ಸೆ ಮುಗಿದ ದಿನ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಒಂದು ಹಾಳೆ ಬರಬೇಕು: ಗೆಡ್ಡೆಯ ಬಗೆ, ಕೊಟ್ಟ ಕಿಮೊ ಔಷಧಿಗಳ ಹೆಸರು ಮತ್ತು ಒಟ್ಟು ಪ್ರಮಾಣ, ವಿಕಿರಣ ಬಿದ್ದ ಜಾಗ, ನುಂಗಬೇಕಾದ ಗುಳಿಗೆ, ಎಷ್ಟು ವರ್ಷ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬುದು. ಅದೇ ಹಾಳೆ ಆಕೆಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲುಪಬೇಕು. ಇದಕ್ಕೆ ತಗಲುವ ಖರ್ಚು ಒಂದು ಕಾಗದ, ಒಬ್ಬ ಗುಮಾಸ್ತ. ಗೆಡ್ಡೆಯ ಮೇಣದ ಬ್ಲಾಕುಗಳನ್ನು ರೋಗಿಯ ಕೈಗೆ ಕೊಟ್ಟು ಜವಾಬ್ದಾರಿ ಕಳಚಿಕೊಳ್ಳುವ ಬದಲು ವಿಭಾಗಕ್ಕೊಂದರಂತೆ ಸರ್ಕಾರಿ ಸಂಗ್ರಹಾಲಯದಲ್ಲಿ ಕನಿಷ್ಠ 20 ವರ್ಷ ಕಾಪಾಡುವ ಆದೇಶ ಹೊರಡಬೇಕು. ಚೂರು ತೆಗೆಯಲು ಸಾಧ್ಯವಿರುವ ಜಾಗದಲ್ಲಿ ಹೊಸ ಗೆಡ್ಡೆ ಕಂಡಾಗ ಬಯಾಪ್ಸಿ ವರದಿ ಇಲ್ಲದೆ ‘ಹರಡಿದೆ’ ಎಂದು ಕೇಸ್ ಶೀಟಿನಲ್ಲಿ ಬರೆಯಕೂಡದೆಂಬ ನಿಯಮವನ್ನು ವೈದ್ಯಕೀಯ ಶಿಕ್ಷಣ ಇಲಾಖೆ ತನ್ನೆಲ್ಲ ಬೋಧಕ ಆಸ್ಪತ್ರೆಗಳಿಗೂ ಈ ವರ್ಷವೇ ಕಳಿಸಬೇಕು, ಆ ಬಯಾಪ್ಸಿಯ ಮತ್ತು ಇಮ್ಯುನೊ ಪರೀಕ್ಷೆಯ ವೆಚ್ಚವನ್ನು ಮುಂದಿನ ರಾಜ್ಯ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತಾಗಿ ಇಡಬೇಕು.